ಸೋರುವ ನಲ್ಲಿಯ ಅತಿಥಿಗಳು

ಕಳೆದ ವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಟ್ಟೆ ಒಣಹಾಕಲು ತಾರಸಿಗೆ ಹೋಗಿದ್ದೆ. ಪಕ್ಕದ ತಾರಸಿಯಲ್ಲಿ ಅಜ್ಜಿ ಹಳೆಯ ಪಂಚೆ ಹಾಸಿ, ಅದರ ಮೇಲೆ ಅರಳು ಸಂಡಿಗೆ ಇಟ್ಟು, ನೀರಿನ ಟ್ಯಾಂಕಿನ ನೆರಳಿಗೆ ಸರಿದು ಕೂತಿದ್ದರು. ಪಂಚೆಯ ನಾಲ್ಕು ಮೂಲೆಗೆ ನಾಲ್ಕು ಕಲ್ಲು, ನಡುವೆ ಕಾಗೆಗೆ ಹೆದರಿಕೆ ಇರಲಿ ಎಂದು ಬಿಚ್ಚಿಟ್ಟ ಕಪ್ಪು ಕೊಡೆ. ಬೆಂಗಳೂರಿನ ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಈಗಲೂ ಮನೆಯಲ್ಲೇ ಸಂಡಿಗೆ ಮಾಡುವವರು ಅವರೊಬ್ಬರೇ. ನನ್ನನ್ನು ಕಂಡವರೇ ಹೇಳಿದರು: "ಮೇಷ್ಟ್ರೇ, ಮೂರು ದಿನದಿಂದ ಒಣಗಿಸ್ತಿದ್ದೀನಿ. ಒಂದು ಕಾಗೆಯಾದ್ರೂ ಬಂದು ಮುಟ್ಟಿದ್ರೆ ಕೇಳಿ. ಕಾಯೋ ಕೆಲಸವೇ ಇಲ್ಲ. ಈ ಹಕ್ಕಿಗಳೆಲ್ಲ ಎಲ್ಲಿಗೆ ಹೋದ್ವು?"

ಸಂಡಿಗೆ ಉಳಿಯಿತೆಂಬ ಸಂತೋಷ ಅವರ ದನಿಯಲ್ಲಿ ಇರಲಿಲ್ಲ. ಬೇಸಿಗೆ ರಜೆಯಲ್ಲಿ ತಾರಸಿಯ ಮೇಲೆ ಕೋಲು ಹಿಡಿದು ಸಂಡಿಗೆ ಕಾದವರೆಲ್ಲರಿಗೂ ಗೊತ್ತು, ಕಾಗೆ ಬರುತ್ತದೆ ಎಂಬ ನಂಬಿಕೆಯ ಮೇಲೆಯೇ ಆ ಕೆಲಸ ನಿಂತಿದ್ದು. ಬರುವವರೇ ಇಲ್ಲದ ಮೇಲೆ ಕೊಡೆ ಯಾರಿಗಾಗಿ? ಉತ್ತರ ತಕ್ಷಣ ಹೊಳೆಯದೆ ಕೆಳಗಿಳಿದು ಬಂದೆ. ಆದರೆ ಆ ಪ್ರಶ್ನೆ ನನ್ನ ಜೊತೆಗೇ ಇಳಿದು ಬಂತು.

ಮೊದಲ ಉತ್ತರ ತುಂಬ ಸರಳ. ಹಕ್ಕಿಗಳು ಹೋಗಿಲ್ಲ, ನಾವು ನೋಡುವ ಹೊತ್ತು ಬೇರೆ, ಅವು ಓಡಾಡುವ ಹೊತ್ತು ಬೇರೆ. ಹಕ್ಕಿಯ ಮೈಯ ಬಿಸಿ ನಮ್ಮದಕ್ಕಿಂತ ಹೆಚ್ಚು, ಸುಮಾರು 40ರಿಂದ 42 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ. ಮೈ ತಣ್ಣಗಾಗಬೇಕೆಂದರೆ ಕೊಕ್ಕು ತೆರೆದು ಏದುಸಿರು ಬಿಡಬೇಕು. ಬಾಯಿಯ, ಗಂಟಲಿನ ಪಸೆ ಆರುತ್ತಾ ಬಿಸಿಯನ್ನು ಹೊರಕ್ಕೆ ಒಯ್ಯುತ್ತದೆ. ಅಂದರೆ ತಂಪಿಗೆ ತೆರುವ ಬೆಲೆ ನೀರು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಮೈಯಲ್ಲಿ ಇರುವ ನೀರಾದರೂ ಎಷ್ಟು? ಹಾಗಾಗಿ ಬುದ್ಧಿವಂತ ಹಕ್ಕಿ ಹತ್ತು ಗಂಟೆಯ ನಂತರ ಹಾರುವುದನ್ನೇ ಕಡಿಮೆ ಮಾಡುತ್ತದೆ. ಹೊಂಗೆಯ ಒಳಗೊಂಬೆಯಲ್ಲಿ, ಮಳೆಮರದ ದಟ್ಟ ನೆರಳಿನಲ್ಲಿ, ಎರಡು ಮನೆಗಳ ನಡುವಿನ ಸಂದಿಯಲ್ಲಿ ರೆಕ್ಕೆಯನ್ನು ಮೈಯಿಂದ ತುಸು ದೂರ ಹಿಡಿದು ಸುಮ್ಮನೆ ಕೂರುತ್ತದೆ. ಅಜ್ಜಿಯ ಪ್ರಶ್ನೆಯ ಮರುದಿನ ನಾನು ಬೆಳಿಗ್ಗೆ ಐದೂಮುಕ್ಕಾಲಿಗೇ ಹಿತ್ತಲಿಗೆ ಹೋಗಿ ಕೂತೆ. ಆರೂವರೆಯೊಳಗೆ ಒಂಬತ್ತು ಬಗೆಯ ದನಿ ಕೇಳಿದವು. ಹನ್ನೊಂದಕ್ಕೆ ಅದೇ ಜಾಗದಲ್ಲಿ ಕೇಳಿದ್ದು ದೂರದ ಕೋಗಿಲೆ, ಮತ್ತೆ ತಾಮ್ರದ ತಟ್ಟೆ ಬಡಿದ ಹಾಗೆ ಬಿಡದೆ ಕೂಗುವ ಒಂದು ಪುಟ್ಟ ಕುಟುರ. ಎರಡೂ ಕಣ್ಣಿಗೆ ಬೀಳಲಿಲ್ಲ.

ಎರಡನೆಯದು ಪ್ರಯಾಣದ ಲೆಕ್ಕ. ಚಳಿಗಾಲದಲ್ಲಿ ನಮ್ಮ ಹಿತ್ತಲಿಗೆ ಬರುವ ಕೆಲವರು ನಮ್ಮವರೇ ಅಲ್ಲ. ಬಾಲ ಕುಣಿಸುತ್ತಾ ಚರಂಡಿಯ ಅಂಚಿನಲ್ಲಿ ಓಡಾಡುವ ಬೂದು ಸಿಪಿಲೆ, ಎಲೆಗಳ ನಡುವೆ ಒಂದೇ ಸಮನೆ ಸುಳಿದಾಡುವ ಹಸಿರು ಉಲಿಯಕ್ಕಿ, ಇವೆಲ್ಲ ಹಿಮಾಲಯದಿಂದ, ಅದರಾಚೆಯಿಂದ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಬಂದು, ಮಾರ್ಚ್ ಏಪ್ರಿಲ್ ಹೊತ್ತಿಗೆ ಮರಿ ಮಾಡಲು ಹಿಂದಿರುಗುತ್ತವೆ. ನಾಲ್ಕಾರು ತಿಂಗಳು ಇದ್ದ ಬಾಡಿಗೆಯವರು ಮನೆ ಖಾಲಿ ಮಾಡಿದಾಗ ವಠಾರ ಬಿಕೋ ಎನ್ನುವುದಿಲ್ಲವೇ, ಹಾಗೆ. ಇಲ್ಲೇ ಉಳಿದವರಿಗೂ ಇದು ಸಂಸಾರದ ಕಾಲ. ಗೂಡಿನಲ್ಲಿ ಮೊಟ್ಟೆಯೋ ಮರಿಯೋ ಇರುವ ತಾಯಿಹಕ್ಕಿ ತನ್ನ ವಿಳಾಸ ಯಾರಿಗೂ ತಿಳಿಯದಂತೆ ಬಾಳುತ್ತದೆ. ನಮ್ಮ ಮನೆಯ ದಾಸವಾಳದ ಗಿಡದಲ್ಲಿ ಟುವ್ವಿ ಹಕ್ಕಿ ಎರಡು ಎಲೆ ಸೇರಿಸಿ ಹೊಲಿದು ಗೂಡು ಕಟ್ಟಿದ್ದು ನನಗೆ ತಿಳಿದದ್ದು ಮರಿ ಹಾರಿಹೋದ ಮೇಲೆ. ದಿನವೂ ಪೂಜೆಗೆ ಹೂ ಬಿಡಿಸಿದ್ದು ಅದೇ ಗಿಡದಿಂದ.

ಇನ್ನು ಊಟ. ಒಣ ಬೇಸಿಗೆಯಲ್ಲಿ ನೆಲ ಗಟ್ಟಿಯಾಗುತ್ತದೆ, ಎರೆಹುಳು ಆಳಕ್ಕಿಳಿಯುತ್ತದೆ, ಚಿಗುರಿಲ್ಲದ ಗಿಡದಲ್ಲಿ ಕಂಬಳಿಹುಳುವೂ ಇರುವುದಿಲ್ಲ. ಮಣ್ಣು ಕೆದಕಿ ತಿನ್ನುವ ಮಡಿವಾಳ ಹಕ್ಕಿಗೆ ಕೆದಕಲು ಮಣ್ಣೇ ಸಿಗದು. ಎಲ್ಲರಿಗೂ ಕಷ್ಟ ಒಂದೇ ತೆರನಾಗಿ ಇಲ್ಲ ಎಂಬುದನ್ನೂ ಹೇಳಬೇಕು. ಮಕರಂದ ಹೀರುವ ಸೂರಕ್ಕಿಗೆ ಊಟದಲ್ಲೇ ನೀರಿದೆ. ಹಣ್ಣು ತಿನ್ನುವ ಪಿಕಳಾರಕ್ಕೂ ಅಷ್ಟಿಷ್ಟು ಸಿಗುತ್ತದೆ. ನಮ್ಮ ಪಕ್ಕದ ಸೈಟಿನಲ್ಲಿ ತಾನಾಗಿ ಬೆಳೆದ ಗಸಗಸೆ ಹಣ್ಣಿನ ಮರವೊಂದೇ ಈ ಬೀದಿಯ ಎಷ್ಟೋ ಹಕ್ಕಿಗಳನ್ನು ಸಾಕುತ್ತಿದೆ. ಬಹಳ ಕಷ್ಟವಾಗುವುದು ಕಾಳು ತಿನ್ನುವವರಿಗೆ. ಗುಬ್ಬಚ್ಚಿ, ಬೆಳವ, ಪಾರಿವಾಳಗಳ ಊಟ ಒಣ ಊಟ. ಅವು ನೀರು ಹುಡುಕಿಕೊಂಡು ಹೋಗಲೇಬೇಕು, ದಿನವೂ ಹೋಗಬೇಕು. ನೀರು ಎಲ್ಲಿದೆಯೋ ಅಲ್ಲಿಗೆ ಹೋಗುತ್ತವೆ. ಅಲ್ಲಿಗೆ ಹೋದವು ನಮ್ಮ ಹಿತ್ತಲಿನಲ್ಲಿ ಕಾಣುವುದಿಲ್ಲ.

ಈ ಮಾತು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಒಂದು ನಲ್ಲಿಯಿಂದ ತಿಳಿದದ್ದು.

2024ರ ಬೇಸಿಗೆ ನಮಗೆಲ್ಲ ನೆನಪಿದೆ. ಹಿಂದಿನ ವರ್ಷ ಮುಂಗಾರು ಕೈಕೊಟ್ಟಿತ್ತು. ಮಾರ್ಚ್ ತಿಂಗಳಲ್ಲಿ, ನಗರದ 13,900 ಕೊಳವೆಬಾವಿಗಳ ಪೈಕಿ 6,900 ಬತ್ತಿವೆ ಎಂದು ಸರ್ಕಾರವೇ ಹೇಳಿತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಹಾಯಿಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಟ್ಯಾಂಕರಿಗೆ ಫೋನು ಮಾಡಿ ಎರಡು ದಿನ ಕಾದವರು ನಮ್ಮ ಬೀದಿಯಲ್ಲೇ ಎಷ್ಟೋ ಮಂದಿ. ಆಗ ನನ್ನ ಕಣ್ಣಿಗೆ ಬಿದ್ದದ್ದು ಹಿತ್ತಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನಲ್ಲಿ. ಅದು ವರ್ಷಗಳಿಂದ ತೊಟ್ಟಿಕ್ಕುತ್ತಿತ್ತು. ಎಷ್ಟು ಸೋರುತ್ತದೆ ನೋಡೋಣವೆಂದು ಒಂದು ರಾತ್ರಿ ಬಕೆಟ್ ಇಟ್ಟೆ. ಬೆಳಿಗ್ಗೆ ಅರ್ಧ ಬಕೆಟ್ ತುಂಬಿತ್ತು. ಹಗಲೂ ಸೇರಿದರೆ ದಿನಕ್ಕೆ ಒಂದು ಬಕೆಟ್, ಹದಿನೈದು ಲೀಟರಿಗೆ ಕಡಿಮೆಯಿಲ್ಲ. ನಾಚಿಕೆಯಾಯಿತು. ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೇಲಕ್ಕೆ ಪಂಪು ಮಾಡಿ ತರುವ ಕಾವೇರಿ ಅದು. ಅದೇ ದಿನ ಪ್ಲಂಬರನ್ನು ಕರೆಸಿ ವಾಷರ್ ಬದಲಿಸಿದೆ. ಕೆಲಸ ಹತ್ತು ನಿಮಿಷದ್ದು.

ಎರಡು ವಾರ ಕಳೆಯಿತು. ಹಿತ್ತಲು ಸದ್ದಿಲ್ಲದಂತಾಯಿತು. ಬಿಸಿಲಿನ ಕಾಟ ಎಂದುಕೊಂಡೆ. ಆ ಏಪ್ರಿಲ್ ಪೂರ್ತಿ ನಗರದ ಹವಾಮಾನ ಕೇಂದ್ರದ ಮಳೆಮಾಪಕಕ್ಕೆ ಅಳೆಯುವಷ್ಟು ಮಳೆಯೇ ಬೀಳಲಿಲ್ಲ. 28ನೇ ತಾರೀಖು ಬಿಸಿಲು 38.5 ಡಿಗ್ರಿಗೆ ಏರಿತು. 2016ರ ಏಪ್ರಿಲಿನಲ್ಲಿ 39.2 ಮುಟ್ಟಿದ್ದು ಬಿಟ್ಟರೆ ಇತ್ತೀಚಿನ ದಶಕಗಳಲ್ಲಿ ಬೆಂಗಳೂರು ಅಂಥ ಬಿಸಿಲು ಕಂಡದ್ದಿಲ್ಲ. ಅಂಥದೇ ಒಂದು ಮಧ್ಯಾಹ್ನ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಕೆಂಪು ಮೀಸೆಯ ಪಿಕಳಾರವೊಂದು ಬಂದು ಆ ನಲ್ಲಿಯ ಮೇಲೆ ಕೂತಿತು. ತಲೆಯ ಜುಟ್ಟು ಚಪ್ಪಟೆಯಾಗಿತ್ತು, ಕೊಕ್ಕು ತೆರೆದಿತ್ತು. ಮುಂದಕ್ಕೆ ಬಾಗಿ, ತಲೆಕೆಳಗಾಗಿ ನಲ್ಲಿಯ ಬಾಯಿಗೆ ಕೊಕ್ಕು ತಾಗಿಸಿತು. ತಲೆಯೆತ್ತಿತು. ಮತ್ತೊಮ್ಮೆ ಬಾಗಿತು. ಕೆಳಗೆ ಕಲ್ಲಿನ ಬುಡದಲ್ಲಿ ಅಂಗೈಯಗಲದ ಗುಳಿ, ವರ್ಷಗಟ್ಟಲೆ ಹನಿ ಬಿದ್ದು ಪಾಚಿಗಟ್ಟಿದ್ದು. ಅದು ಈಗ ಬಿಳಿಚಿ ಬಿರುಕು ಬಿಟ್ಟಿತ್ತು. ಹಕ್ಕಿ ಅಲ್ಲಿಗೂ ಇಳಿದು, ಗುಳಿಯ ಅಂಚಿನಲ್ಲಿ ಒಂದು ಸುತ್ತು ಬಂದು, ಹಾರಿಹೋಯಿತು.

ನಾನು ಮಾಡಿದ್ದು ತಪ್ಪಲ್ಲ. ಬರದ ವರ್ಷದಲ್ಲಿ ಸೋರುವ ನಲ್ಲಿಯನ್ನು ಸರಿಮಾಡದಿದ್ದರೆ ಅದು ತಪ್ಪು. ಆದರೆ ಆ ನಲ್ಲಿಗೆ ನನಗೆ ತಿಳಿಯದ ಒಂದು ಸಂಸಾರವೇ ಇತ್ತು. ಆ ಗುಳಿ ಯಾರದೋ ಅರವಟ್ಟಿಗೆಯಾಗಿತ್ತು. ಅದನ್ನು ನಾನು ಇಟ್ಟದ್ದಲ್ಲವಾದ್ದರಿಂದ ತೆಗೆದದ್ದೂ ಗೊತ್ತಾಗಲಿಲ್ಲ.

ಅಂದಿನಿಂದ ಹಳೆಯ ಮನೆಗಳನ್ನು ನೆನೆದಾಗಲೆಲ್ಲ ಇದೇ ಕಾಣುತ್ತದೆ. ರಾಜಾಜಿನಗರದಲ್ಲಿ ಮೂವತ್ತಕ್ಕೆ ನಲವತ್ತರ ಸೈಟಿನಲ್ಲಿ ಕಟ್ಟಿದ ಹೆಂಚಿನ ಮನೆ, ಹಿಂದೆ ತೆಂಗಿನ ಮರ, ಅದರ ಬುಡಕ್ಕೆ ಬಚ್ಚಲ ನೀರು. ಅಂಗಳದಲ್ಲಿ ಪಾತ್ರೆ ತೊಳೆಯುವ ಜಾಗ, ಅಲ್ಲಿ ಚದುರಿದ ಅನ್ನದ ಅಗುಳು. ಬಾಗಿಲ ಮುಂದೆ ಅಕ್ಕಿಹಿಟ್ಟಿನ ರಂಗೋಲಿ. ಇರುವೆ ಬರುತ್ತಿತ್ತು, ಇರುವೆಯ ಹಿಂದೆ ಗುಬ್ಬಿ ಬರುತ್ತಿತ್ತು. ರೇಷನ್ ಅಕ್ಕಿಯನ್ನು ಮೊರದಲ್ಲಿ ಕೇರಿ, ನುಚ್ಚು ಕಲ್ಲು ಆರಿಸಿ, ಬೇಡವಾದದ್ದನ್ನು ಅಲ್ಲೇ ಎಸೆಯುತ್ತಿದ್ದರು. ದಿನಸಿ ಅಂಗಡಿಯ ಮುಂದೆ ಬಾಯಿ ಬಿಚ್ಚಿದ ಗೋಣಿಚೀಲ. ಕರೆಂಟಿನ ಮೀಟರ್ ಪೆಟ್ಟಿಗೆಯ ಹಿಂದೆ, ಗೋಡೆಯ ಮೇಲಿನ ದೇವರ ಪಟದ ಹಿಂದೆ ಗುಬ್ಬಿ ಗೂಡು. ಅದರಿಂದ ಹುಲ್ಲು ಉದುರಿದರೆ ಗುಡಿಸಿ ಹಾಕುತ್ತಿದ್ದರೇ ಹೊರತು ಗೂಡು ಕೀಳುತ್ತಿರಲಿಲ್ಲ. ಯಾರೂ ಇದನ್ನು ದಾನವೆಂದು ಮಾಡಲಿಲ್ಲ, ಪರಿಸರ ಪ್ರೇಮ ಎಂಬ ಮಾತೂ ಇರಲಿಲ್ಲ. ಮನೆ ನಡೆಯುವಾಗ ಅಷ್ಟಿಷ್ಟು ಚೆಲ್ಲುತ್ತಿತ್ತು. ಚೆಲ್ಲಿದ್ದು ಹಕ್ಕಿಯ ಪಾಲು.

ಈಗ ನಮ್ಮ ಮನೆಗಳಲ್ಲಿ ಚೆಲ್ಲುವುದೇ ಇಲ್ಲ. ಅಕ್ಕಿ ಶುಚಿಯಾಗಿ ಪ್ಯಾಕೆಟಿನಲ್ಲಿ ಬರುತ್ತದೆ. ಮುಸುರೆ ನೀರು ಸಿಂಕಿನಿಂದ ಪೈಪಿಗೆ, ಪೈಪಿನಿಂದ ನೆಲದಡಿಗೆ. ಸಂಪಿಗೆ ಕಬ್ಬಿಣದ ಮುಚ್ಚಳ, ತಾರಸಿಯ ಟ್ಯಾಂಕಿಗೆ ಪ್ಲಾಸ್ಟಿಕ್ ಮುಚ್ಚಳ. ಅಂಗಳಕ್ಕೆ ಟೈಲ್ಸ್, ಬೀದಿಗೆ ಕಾಂಕ್ರೀಟು, ರಂಗೋಲಿಗೆ ಕಲ್ಲಿನ ಪುಡಿ ಅಥವಾ ಸ್ಟಿಕ್ಕರು. ಪ್ರಾಥಮಿಕ ಶಾಲೆಯಲ್ಲಿ ಜಾಣ ಕಾಗೆಯ ಕಥೆ ಓದಿದೆವಲ್ಲ, ಹೂಜಿಗೆ ಕಲ್ಲು ಹಾಕಿ ನೀರು ಮೇಲಕ್ಕೆ ತಂದ ಕಾಗೆ. ಇಂದಿನ ಕಾಗೆಗೂ ಅದೇ ಜಾಣತನ ಇದೆ. ಇಲ್ಲದ್ದು ಹೂಜಿ. ಇದರಲ್ಲಿ ಒಂದೊಂದು ಬದಲಾವಣೆಗೂ ಒಳ್ಳೆಯ ಕಾರಣ ಇದೆ. ಸೊಳ್ಳೆ ಕಡಿಮೆಯಾಯಿತು, ಹೆಂಗಸರ ಬೆನ್ನು ನೋವು ಕಡಿಮೆಯಾಯಿತು, ನೀರು ಉಳಿಯಿತು. ಹಳೆಯದಕ್ಕೆ ಮರಳೋಣ ಎಂದು ನಾನು ಹೇಳಲಾರೆ. ಮೊರ ಹಿಡಿದು ಕೂರುತ್ತಿದ್ದ ನಮ್ಮ ತಾಯಿಯ ಆಯಾಸವನ್ನು ನಾನು ಕಂಡಿದ್ದೇನೆ.

ಗುಬ್ಬಚ್ಚಿಯ ವಿಷಯದಲ್ಲಿ ಮಾತ್ರ ಹೊತ್ತು, ಬಿಸಿಲು ಎಂದು ಸಮಾಧಾನ ಹೇಳಿಕೊಳ್ಳಲು ಬಾರದು. 2020ರಲ್ಲಿ ಪ್ರಕಟವಾದ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿ, ಸಾವಿರಾರು ಪಕ್ಷಿವೀಕ್ಷಕರು ಬರೆದಿಟ್ಟ ಪಟ್ಟಿಗಳನ್ನು ಒಟ್ಟು ಮಾಡಿ ನೋಡಿ, ದೇಶದಲ್ಲಿ ಒಟ್ಟಾರೆ ಗುಬ್ಬಚ್ಚಿಯ ಸಂಖ್ಯೆ ಸ್ಥಿರವಾಗಿಯೇ ಇದೆ ಎಂದಿತು. ದೊಡ್ಡ ನಗರಗಳಲ್ಲಿ ಮಾತ್ರ ಕುಗ್ಗಿದೆ, ಅವುಗಳಲ್ಲಿ ಬೆಂಗಳೂರೂ ಒಂದು. ಅಂದರೆ ಗುಬ್ಬಿ ಲೋಕವನ್ನು ಬಿಟ್ಟುಹೋಗಿಲ್ಲ. ನಮ್ಮನ್ನು ಬಿಟ್ಟುಹೋಗಿದೆ. ದೊಡ್ಡ ಗುಬ್ಬಿ ಕಾಳು ತಿಂದರೂ ಮರಿಗೆ ಬೇಕಾದದ್ದು ಮೆತ್ತನೆಯ ಹುಳು; ಹುಳುವಿಗೆ ಬೇಕಾದದ್ದು ಗಿಡ; ಗಿಡಕ್ಕೆ ಬೇಕಾದದ್ದು ತುಸು ಮಣ್ಣು, ತುಸು ತೇವ. ಮಾರ್ಚ್ 20ರಂದು ಗುಬ್ಬಚ್ಚಿ ದಿನ ಆಚರಿಸುವ ಶಾಲೆಗಳಲ್ಲಿ ಮಕ್ಕಳು ರಟ್ಟಿನ ಗೂಡು ಮಾಡುತ್ತಾರೆ. ಒಳ್ಳೆಯದೇ. ಒಂದು ಕರಿಬೇವಿನ ಸಸಿಯನ್ನೂ ಕೊಟ್ಟರೆ ಇನ್ನೂ ಒಳ್ಳೆಯದು. ಚಿಟ್ಟೆ ಅದರ ಮೇಲೆ ಮೊಟ್ಟೆಯಿಡುತ್ತದೆ, ಹುಳು ಎಲೆ ತಿನ್ನುತ್ತದೆ, ಆ ಹುಳುವಿಗೆ ಗಿರಾಕಿಗಳು ತಾವಾಗಿ ಬರುತ್ತಾರೆ. ಒಗ್ಗರಣೆಗೆ ನಾಲ್ಕು ಎಲೆ ಕಡಿಮೆಯಾದೀತು, ಅಷ್ಟೆ.

ನಮ್ಮ ಪಶ್ಚಿಮ ಬೆಂಗಳೂರಿನ ಹೆಸರುಗಳನ್ನೊಮ್ಮೆ ಕೇಳಿ. ಅತ್ತಿಗುಪ್ಪೆಯಲ್ಲಿ ಅತ್ತಿ ಇದೆ, ನಾಗರಬಾವಿಯಲ್ಲಿ ಬಾವಿ ಇದೆ. ಈಗ ಅತ್ತಿಗುಪ್ಪೆ ಎಂದರೆ ನೇರಳೆ ಮಾರ್ಗದ ಒಂದು ಮೆಟ್ರೊ ನಿಲ್ದಾಣ. ಮೆಟ್ರೊ ನನಗೂ ಬೇಕು, ಕೆಂಗೇರಿಯ ಮಗಳ ಮನೆಗೆ ನಾನು ಹೋಗುವುದು ಅದರಲ್ಲೇ. ಆ ಎತ್ತರದಿಂದ ಮೈಸೂರು ರಸ್ತೆಯ ಪಕ್ಕ ವೃಷಭಾವತಿ ಕಾಣುತ್ತದೆ. ಸುತ್ತಮುತ್ತ ಎಲ್ಲ ಒಣಗಿದಾಗಲೂ ಅದು ಮಾತ್ರ ಹರಿಯುತ್ತಿರುತ್ತದೆ, ಏಕೆಂದರೆ ಅದರಲ್ಲಿ ಇರುವುದು ನಾವೆಲ್ಲ ಬಳಸಿ ಬಿಟ್ಟ ನೀರು. ಬಿರುಬೇಸಿಗೆಯಲ್ಲಿ ಬೆಳ್ಳಕ್ಕಿಗಳು ಆ ಕಪ್ಪು ನೀರಿನಲ್ಲೇ ಬಿಳಿಯಾಗಿ ನಿಂತಿರುತ್ತವೆ. ನೊರೆ ತೇಲಿ ಬರುತ್ತದೆ, ಅವು ಒಂದು ಕಾಲು ಎತ್ತಿ ದಾರಿ ಬಿಡುತ್ತವೆ. ನಮ್ಮ ಹಿತ್ತಲಿನಿಂದ ಕಾಣೆಯಾದವರು ಎಲ್ಲಿ ಹೋದರು ಎಂದು ಕೇಳಿದರೆ, ಕೆಲವರು ಜ್ಞಾನಭಾರತಿಯ ಮರಗಳಿಗೆ, ಕೆಲವರು ಉಲ್ಲಾಳ, ಮಲ್ಲತ್ತಹಳ್ಳಿಯ ಕೆರೆಗಳ ಕಡೆಗೆ, ಕೆಲವರು ಇಲ್ಲಿಗೆ. ಆ ಬೆಳ್ಳಕ್ಕಿಗಳನ್ನು ನೋಡಿದ ದಿನ ನನಗೆ ಊಟ ರುಚಿಸಲಿಲ್ಲ.

ಪಿಕಳಾರ ಬರಿಗೊಕ್ಕಿನಲ್ಲಿ ಹಾರಿಹೋದ ಸಂಜೆಯೇ ರಸ್ತೆ ಬದಿ ಮಡಕೆ ಮಾರುವವರ ಹತ್ತಿರ ಒಂದು ಮಣ್ಣಿನ ತಟ್ಟೆ ತಂದೆ. ಹೂಕುಂಡದ ಕೆಳಗೆ ಇಡುವಂಥದು, ಎರಡು ಬೆರಳಿನಷ್ಟು ಆಳ. ಅದಕ್ಕಿಂತ ಆಳ ಬೇಡ. ಪುಟ್ಟ ಹಕ್ಕಿಗೆ ಕಾಲು ನೆಲ ಮುಟ್ಟಬೇಕು. ನಡುವೆ ಒಂದು ಒಡೆದ ಹೆಂಚಿನ ಚೂರು ಇಟ್ಟೆ. ಕರಿಬೇವಿನ ನೆರಳಿನಲ್ಲಿ, ಆದರೆ ಬೆಕ್ಕು ಅಡಗಿ ಕೂರುವಷ್ಟು ಪೊದೆಗೆ ಹತ್ತಿರವಲ್ಲದಂತೆ, ಒಗೆಯುವ ಕಲ್ಲಿನ ಮೇಲೆ. ಬೆಳಿಗ್ಗೆ ಒಂದು ಚೊಂಬು, ಮಧ್ಯಾಹ್ನ ಒಂದು ಚೊಂಬು. ಒಟ್ಟು ಒಂದೂವರೆ ಲೀಟರ್ ಇದ್ದೀತು. ನಲ್ಲಿ ಸೋರುತ್ತಿದ್ದದ್ದು ಹದಿನೈದು. ಉಳಿಸಿದ್ದರಲ್ಲಿ ಹತ್ತರಲ್ಲೊಂದು ಪಾಲು ಕೊಟ್ಟರೆ ಸಾಕಾಗುತ್ತಿತ್ತು ಎಂಬ ಲೆಕ್ಕ ಅಂದು ನನ್ನ ಮನಸ್ಸನ್ನು ಬಹಳ ಹಗುರ ಮಾಡಿತು. ನೀರು ಉಳಿಸುವುದೂ ಹಕ್ಕಿ ಉಳಿಸುವುದೂ ಒಂದಕ್ಕೊಂದು ಎದುರಲ್ಲ. ಗಮನವಿಲ್ಲದೆ ಕೊಡುತ್ತಿದ್ದುದನ್ನು ಗಮನವಿಟ್ಟು ಕೊಟ್ಟರೆ ಬಹಳ ಕಡಿಮೆಯಲ್ಲಿ ಆಗುತ್ತದೆ.

ಮೊದಲ ಮೂರು ದಿನ ಯಾರೂ ಬರಲಿಲ್ಲ. ಹೊಸ ವಸ್ತುವನ್ನು ಹಕ್ಕಿ ನಂಬುವುದಿಲ್ಲ. ನಾಲ್ಕನೆಯ ದಿನ ಕಾಗೆ ಬಂತು, ಬರಿಗೈಯಲ್ಲಿ ಬರಲಿಲ್ಲ. ಎಲ್ಲಿಂದಲೋ ಒಣಗಿ ಹಪ್ಪಳವಾಗಿದ್ದ ಚಪಾತಿಯ ತುಂಡು ತಂದಿತ್ತು. ತಟ್ಟೆಯ ಅಂಚಿನಲ್ಲಿ ನಿಂತು ಅದನ್ನು ನೀರಿನಲ್ಲಿ ಅದ್ದಿತು, ಎತ್ತಿ ನೋಡಿತು, ಇನ್ನೂ ಗಟ್ಟಿ ಅನ್ನಿಸಿತೋ ಏನೋ, ಮತ್ತೆ ಅದ್ದಿ ಕಾಲಿನಲ್ಲಿ ಒತ್ತಿ ಹಿಡಿಯಿತು. ನೆನೆದ ಮೇಲೆ ನಿಧಾನಕ್ಕೆ ತಿಂದಿತು. ಹಲ್ಲಿಲ್ಲದ ನಮ್ಮ ತಾತ ಕೋಡುಬಳೆಯನ್ನು ಕಾಫಿಯಲ್ಲಿ ಅದ್ದಿ ತಿನ್ನುತ್ತಿದ್ದುದು ಕಣ್ಣಮುಂದೆ ಬಂತು. ನೀರು ಕದಡಿಹೋಯಿತು, ಬದಲಿಸಿದೆ. ಕಾಗೆ ಬಂದ ಮೇಲೆ ಉಳಿದವರಿಗೆ ಧೈರ್ಯ ಬಂತು. ಎರಡು ಗೊರವಂಕ, ಆಮೇಲೆ ಬೆಳವ. ಬೆಳವ ನೀರು ಕುಡಿಯುವುದನ್ನು ನೋಡಿದ್ದೀರಾ? ಬೇರೆ ಹಕ್ಕಿಗಳು ಗುಟುಕು ತೆಗೆದುಕೊಂಡು ತಲೆಯೆತ್ತಿ ನುಂಗುತ್ತವೆ. ಅದು ಹಾಗಲ್ಲ, ಕೊಕ್ಕು ಮುಳುಗಿಸಿ ಒಂದೇ ಸಮನೆ ಹೀರುತ್ತದೆ, ಹಸುವಿನ ಹಾಗೆ. ಆರನೆಯ ದಿನ ಪಿಕಳಾರ ಬಂತು. ಅದೇ ಹಕ್ಕಿಯೋ ಬೇರೆಯೋ ನಾನು ಹೇಳಲಾರೆ. ಕುಡಿದದ್ದಲ್ಲದೆ ಹೆಂಚಿನ ಚೂರಿನಿಂದ ನೀರಿಗಿಳಿದು, ಎದೆ ಮುಳುಗಿಸಿ, ರೆಕ್ಕೆ ಬಡಿದು ತಟ್ಟೆಯ ಅರ್ಧ ನೀರನ್ನು ಹೊರಚೆಲ್ಲಿತು. ಆಮೇಲೆ ದಾಸವಾಳದ ಕೊಂಬೆಗೆ ಹೋಗಿ ಒಂದೊಂದೇ ಗರಿಯನ್ನು ಕೊಕ್ಕಿನಲ್ಲಿ ಎಳೆದು ತೀಡಿಕೊಂಡಿತು. ಒಗೆಯುವ ಕಲ್ಲಿನ ಬುಡದ ಗುಳಿಗೆ ಆ ದಿನ ಮತ್ತೆ ನೀರು ಬಂತು.

ಇದನ್ನು ಮಾಡಲು ಮನಸ್ಸಿರುವವರಿಗೆ ನಾನು ಕಲಿತದ್ದನ್ನು ಹೇಳುತ್ತೇನೆ. ನೀರನ್ನು ದಿನವೂ ಚೆಲ್ಲಿ ಹೊಸದು ತುಂಬಬೇಕು; ಡೆಂಗಿ ತರುವ ಸೊಳ್ಳೆಗೆ ಮೊಟ್ಟೆಯಿಂದ ರೆಕ್ಕೆ ಮೂಡಲು ವಾರವಾದರೂ ಬೇಕು, ದಿನವೂ ಬದಲಿಸಿದರೆ ಅದಕ್ಕೆ ಅವಕಾಶವೇ ಇಲ್ಲ. ತಟ್ಟೆಯನ್ನು ತೆಂಗಿನ ನಾರಿನಲ್ಲಿ ಉಜ್ಜಿ ತೊಳೆಯಿರಿ, ಸೋಪು ಬೇಡ. ಕೊಳಕು ತಟ್ಟೆ ಹತ್ತಾರು ಹಕ್ಕಿಗೆ ಒಂದೇ ರೋಗ ಹಂಚುತ್ತದೆ, ಅದಕ್ಕಿಂತ ತಟ್ಟೆಯಿಲ್ಲದಿರುವುದೇ ವಾಸಿ. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿ ಹೋಗಿ. ಬಿಸ್ಕತ್ತು, ಉಪ್ಪು ಖಾರದ ಮಿಕ್ಸ್ಚರ್ ಹಾಕಬೇಡಿ. ಮೂಟೆಗಟ್ಟಲೆ ಕಾಳು ಸುರಿದರೆ ಬರುವುದು ಪಾರಿವಾಳ, ಬಂದು ಉಳಿದವರನ್ನು ಓಡಿಸುತ್ತದೆ.

ಬಿಸಿಲಿಗೆ ಬಳಲಿ ಹದ್ದೋ ಗಿಣಿಯೋ ಅಂಗಳಕ್ಕೆ ಬಿದ್ದರೆ, ಗಾಬರಿಯಲ್ಲಿ ಅದರ ಬಾಯಿಗೆ ನೀರು ಹೊಯ್ಯಬೇಡಿ. ಹಕ್ಕಿಗೆ ಉಸಿರಿನ ದ್ವಾರ ನಾಲಿಗೆಯ ಬುಡದಲ್ಲೇ ಇದೆ. ನಾವು ಕರುಣೆಯಿಂದ ಹೊಯ್ದ ನೀರು ನೇರ ಶ್ವಾಸಕೋಶಕ್ಕೆ ಇಳಿದೀತು. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಬಟ್ಟೆಯ ಮೇಲೆ, ನೆರಳಿನಲ್ಲಿ ಸದ್ದಿಲ್ಲದ ಕಡೆ ಇಟ್ಟು ತಿಳಿದವರಿಗೆ ತಿಳಿಸಿ. ನಮ್ಮ ಕಡೆಯವರಿಗೆ ಒಂದು ಅನುಕೂಲ, ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆ ಕೆಂಗೇರಿಯ ಉತ್ತರಹಳ್ಳಿ ರಸ್ತೆಯಲ್ಲೇ ಇದೆ. ಬಹಳ ಸಲ ಪೆಟ್ಟಿಗೆಯ ಕತ್ತಲೆಯೂ ತಂಪೂ ಅರ್ಧ ಚಿಕಿತ್ಸೆ.

ನಮ್ಮ ಹಿರಿಯರು ಗೃಹಸ್ಥನಿಗೆ ಹೇಳಿದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಭೂತ ಎಂದರೆ ಇಲ್ಲಿ ಜೀವ, ಕಣ್ಣೆದುರಿನ ಇರುವೆ ಕಾಗೆ ನಾಯಿಗಳ ಪಾಲು. ಅದಕ್ಕೆ ಹೋಮಕುಂಡ ಬೇಡ, ಪುರೋಹಿತರೂ ಬೇಡ. ಊಟಕ್ಕೆ ಮುಂಚೆ ಒಂದು ಹಿಡಿ ಹೊರಗಿಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿ ನಿನ್ನೆ ಮೊನ್ನೆಯವರೆಗೆ ಇತ್ತು. ಕನ್ನಡದ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಜೊತೆಗೆ ಅರವಟ್ಟಿಗೆ ಇಟ್ಟವರ ಹೆಸರೂ ಇದೆ. ದಾರಿಹೋಕನಿಗೆ ಒಂದು ಗುಟುಕು ನೀರು ಕೊಟ್ಟದ್ದು ಕಲ್ಲಿನಲ್ಲಿ ಬರೆದಿಡುವಷ್ಟು ದೊಡ್ಡ ಕೆಲಸವಾಗಿತ್ತು. ಹಳ್ಳಿಯ ಬಾವಿಯ ಪಕ್ಕ ದನಗಳಿಗೆಂದು ಕಲ್ಲುಬಾನಿ ಇರುತ್ತಿತ್ತು. ದನ ಕುಡಿದು ಹೋದ ಮೇಲೆ ಮೈನಾ, ಕಾಗೆ, ಜೇನುಹುಳು ಕುಡಿಯುತ್ತಿದ್ದವು. ರಾಮನವಮಿಯಂದು ರಾಜಾಜಿನಗರದ ಬೀದಿಗಳಲ್ಲಿ ಇವತ್ತಿಗೂ ಪಾನಕ ಮಜ್ಜಿಗೆ ಹಂಚುತ್ತಾರಲ್ಲ, ಅದು ಬೇಸಿಗೆ ಏರುವ ಹೊತ್ತಿಗೆ ಬರುವ ಹಬ್ಬ. ಅಂದು ಕುಡಿದ ಲೋಟ ಕೆಳಗಿಡುವಾಗ ಒಂದು ಮಣ್ಣಿನ ತಟ್ಟೆಗೂ ನೀರು ತುಂಬಿಡುವುದು ಹೊಸ ಆಚರಣೆಯೇನೂ ಅಲ್ಲ, ಇದ್ದದ್ದರ ಮುಂದುವರಿಕೆ. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಬಾಲ್ಕನಿಯ ಕಟ್ಟೆ ಸಾಕು; ತಟ್ಟೆ ಕೆಳಗೆ ಬೀಳದಂತೆ ತಂತಿಯಲ್ಲಿ ಕಟ್ಟಿದರಾಯಿತು.

ಅಜ್ಜಿಗೆ ಇಷ್ಟನ್ನೂ ಒಂದೇ ಉಸಿರಿಗೆ ಹೇಳಲಿಲ್ಲ. "ನಾಳೆ ಬೆಳಿಗ್ಗೆ ಆರಕ್ಕೆ ತಾರಸಿಗೆ ಬನ್ನಿ ಅಜ್ಜಿ, ತೋರಿಸ್ತೀನಿ" ಎಂದೆ. ಬಂದರು. ಗಸಗಸೆ ಹಣ್ಣಿನ ಮರದಲ್ಲಿ ಪಿಕಳಾರ, ಬದನಿಕೆ ಹಕ್ಕಿ, ತಂತಿಯ ಮೇಲೆ ಗೊರವಂಕ. ಕೋಗಿಲೆ ಕೂಗಿದರೆ ಕಾಗೆಗಳು ಅಟ್ಟಿಸಿಕೊಂಡು ಹೋದವು. ತನ್ನ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವ ಜಾತಿಯೆಂದು ಕಾಗೆಗೆ ಗೊತ್ತು. ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಕೆಳಗೆ ಇಳಿಯುವಾಗ "ಇವೆಲ್ಲ ಇಲ್ಲೇ ಇವೆಯಲ್ಲ ಮೇಷ್ಟ್ರೇ, ನಾನೇ ಎದ್ದು ನೋಡಿರ್ಲಿಲ್ಲ" ಎಂದರು. ಮಾರನೆಯ ದಿನದಿಂದ ಅವರ ತಾರಸಿಯಲ್ಲೂ ಒಂದು ತಟ್ಟೆ ಬಂತು. ಹಿತ್ತಾಳೆಯದು, ಬಹಳ ಹಳೆಯದು. ಬಿಸಿಲಿಗೆ ಲೋಹ ಕಾಯುತ್ತದೆ, ಮಣ್ಣಿನದು ವಾಸಿ ಎಂದು ಹೇಳಿದ ಮೇಲೆ ಅದರ ಜಾಗಕ್ಕೆ ಒಂದು ಮಡಕೆಯ ಮುಚ್ಚಳ ಬಂತು.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ನಮ್ಮ ಬೀದಿಗೆ ಅದು ನಿನ್ನೆ ಸಂಜೆ ಬಂತು, ಗುಡುಗು ಗಾಳಿಯೊಂದಿಗೆ ಅರ್ಧ ಗಂಟೆ. ಇವತ್ತು ಬೆಳಿಗ್ಗೆ ನೋಡಿದರೆ ನನ್ನ ತಟ್ಟೆ ಅಂಚಿನವರೆಗೆ ತುಂಬಿ, ಮೇಲೆ ಹೊಂಗೆಯ ಹೂ ತೇಲುತ್ತಿತ್ತು. ಯಾರೂ ಅದರ ಹತ್ತಿರ ಬರಲಿಲ್ಲ. ಬೀದಿಯಲ್ಲಿ ಪೈಪಿಗೆಂದು ಅಗೆದು ಮುಚ್ಚಿದ ಜಾಗದಲ್ಲಿ ನೀರು ನಿಂತಿತ್ತು, ಗೊರವಂಕಗಳು ಅಲ್ಲಿ ಮೀಯುತ್ತಿದ್ದವು. ಟುವ್ವಿ ಹಕ್ಕಿ ಕರಿಬೇವಿನ ಒದ್ದೆ ಎಲೆಗಳ ನಡುವೆ ನುಗ್ಗಿ, ಎಲೆಯ ಮೇಲಿನ ಹನಿಗೇ ಮೈ ಒರೆಸಿ ಸ್ನಾನ ಮುಗಿಸಿತು. ನಾನು ತಟ್ಟೆಯ ಹೂ ತೆಗೆದು, ನಾರಿನಲ್ಲಿ ಉಜ್ಜಿ, ಒಗೆಯುವ ಕಲ್ಲಿನ ಮೇಲೆ ಮತ್ತೆ ಇಟ್ಟೆ. ಪಕ್ಕದ ತಾರಸಿಯಿಂದ ಅಜ್ಜಿಯ ದನಿ ಕೇಳಿಸಿತು, ಸಂಡಿಗೆಗೆ ಬಂದ ಯಾವುದೋ ಕಾಗೆಯನ್ನು ಅವರು ಬೈಯುತ್ತಿದ್ದರು.